ಅಕ್ಕನ ಕಾಗದದಲ್ಲಿ ನಾನು ಮಗಳಾದದ್ದು

‘ಸಂಬಂಧ’ ಎಂಬ ಖಾನೆಯಲ್ಲಿ ನೀಲಿ ಪೆನ್ನಿನಿಂದ ಮೂರು ಅಕ್ಷರ ಬರೆದೆ: ಮಗಳು. ಅದು ಸುಳ್ಳು. ನಾನು ತಂಗಿ.

ಅಪ್ಪ ತೀರಿಕೊಂಡ ಮೇಲೆ ಊರಿಗಾಂನ ನಮ್ಮ ಮನೆ ನಡೆದದ್ದು ಅಕ್ಕನ ಸಂಬಳದಿಂದ. ನನಗಿಂತ ಹದಿನೈದು ವರ್ಷ ದೊಡ್ಡವಳು. ದಿನವೂ ರೈಲಿನಲ್ಲಿ ಬಂಗಾರಪೇಟೆಯ ಆಫೀಸಿಗೆ ಹೋಗಿಬರುತ್ತಾಳೆ. ನನ್ನ ಕಾಲೇಜು ಶುಲ್ಕದಲ್ಲಿ ವಿದ್ಯಾರ್ಥಿವೇತನ ಕಳೆದು ಉಳಿದದ್ದನ್ನು ಕಟ್ಟುತ್ತಿದ್ದವಳು ಅವಳೇ. ಸ್ವಂತ ಮಕ್ಕಳ ಶುಲ್ಕಕ್ಕೆ ಮಾತ್ರ ತೆರಿಗೆ ವಿನಾಯಿತಿ, ತಂಗಿಯ ಶುಲ್ಕಕ್ಕಿಲ್ಲ — ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಆಫೀಸಿಗೆ ಕೊಡುವ ತೆರಿಗೆ ಕಾಗದ ತುಂಬಿದವಳು ನಾನು. ನನ್ನನ್ನು ನಂಬಿ, ಓದದೆ ಸಹಿ ಹಾಕಿದವಳು ಅವಳು. ಅವಳಿಗೆ ಸ್ವಲ್ಪ ಉಳಿಯಲಿ ಎಂದು — ಇಲ್ಲ, ಕಾರಣ ಬೇಡ.

ಅದೇ ವರ್ಷ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಒಪ್ಪಿದರು. ಆಮೇಲೆ ಅವಳ ಆಫೀಸಿನಲ್ಲಿ ವಿಚಾರಿಸಿದರು. ಗಂಡು ತೋರಿಸಿದ್ದ ಮುನಿಯಮ್ಮತ್ತೆ ನಮ್ಮ ಬಾಗಿಲಲ್ಲೇ ನಿಂತು ಅಮ್ಮನಿಗೆ ಹೇಳಿದಳು: “ಏನಮ್ಮಾ ಇದು, ನಿನ್ ಮಗ್ಳಿಗೆ ಕಾಲೇಜ್ ಓದೋ ಮಗ್ಳು ಅವ್ಳಂತೆ! ಆಪೀಸ್ನೋರೇ ಏಳಿದ್ರಂತೆ. ಅವ್ರು ಬ್ಯಾಡ ಅಂದ್ಬುಟ್ರು.”

ಯಾರೋ ಹೊಟ್ಟೆಕಿಚ್ಚಿಗೆ ಹಬ್ಬಿಸಿದ್ದೆಂದು ಅಮ್ಮ ಅತ್ತಳು. ಆಫೀಸಿನಿಂದ ಬಂದ ಅಕ್ಕನಿಗೆ ‘ಅವರು ಬೇಡ ಅಂದರು’ ಎಂದಷ್ಟೇ ಹೇಳಿದಳು. ಯಾರ ಕೆಲಸವೆಂದು ನನಗೆ ಗೊತ್ತಿತ್ತು — ಮೂರು ವರ್ಷ ಬಾಯಿ ಬಿಡಲಿಲ್ಲ.

ಈಗ ಅಕ್ಕನ ಮದುವೆ. ದಿನವೂ ರೈಲಿನಲ್ಲಿ ಅವಳದೇ ಬೋಗಿಯಲ್ಲಿ ಓಡಾಡುವ ಮೇಷ್ಟ್ರೊಬ್ಬರು ತಾವಾಗಿಯೇ ಕೇಳಿಕೊಂಡು ಬಂದರು. ಕಳೆದ ಭಾನುವಾರ ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತ ಕೂತಿದ್ದಾಗ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕನ ಬೆರಳು ಅರಿಶಿನದಲ್ಲೇ ನಿಂತಿತು.

“ಅದುಕ್ಕೇನೇ ನಮ್ ಆಪೀಸ್ ಕ್ಯಾಷಿಯರ್ ಸಾರು ‘ಮಗ್ಳು ಎಂಗವ್ಳಮ್ಮಾ’ ಅಂತ ಕೇಳ್ತಿದ್ದಿದ್ದು! ನಿನ್ನೇ ಪ್ರೀತಿಯಿಂದ ಅಂಗಂತಾರೆ ಅಂದ್ಕೊಂಡು ನಾನೂ ‘ಚೆನ್ನಾಗವ್ಳೆ ಸಾರ್, ಪಸ್ಟ್ ಕ್ಲಾಸು’ ಅಂತಿದ್ನಲ್ಲೇ!”

ನಕ್ಕಳು. ಅಮ್ಮ ಒಳಗಿನಿಂದ ಬಂದು ನೋಡುವಷ್ಟು ನಕ್ಕಳು. ಕಣ್ಣೊರೆಸಿಕೊಂಡು, ಕೆನ್ನೆಗೆಲ್ಲ ಅರಿಶಿನ ಮಾಡಿಕೊಂಡು, ಆಮೇಲೆ ಮೆಲ್ಲಗೆ ಅಂದಳು: “ಅವತ್ತೇ ಏಳ್ಬೇಕಾಗಿತ್ತು ಕಣೇ. ನಂಗೇನ್ ಕಮ್ಮಿಯಾಯ್ತೋ ಅಂತ ಎಷ್ಟ್ ದಿನ ಕನ್ನಡಿ ನೋಡ್ಕೊಂಡಿದೀನಿ ಗೊತ್ತಾ?”

ನಾನು ಅವಳ ಕೆನ್ನೆಯ ಅರಿಶಿನ ಒರೆಸಿದೆ.

ಮರುದಿನ ಬೆಳಿಗ್ಗೆ ಅವಳ ಆ ವರ್ಷದ ತೆರಿಗೆ ರಿಟರ್ನನ್ನು ತಿದ್ದಿ ಸಲ್ಲಿಸಿ, ಬಾಕಿ ತೆರಿಗೆಯನ್ನು ನನ್ನ ಸಂಬಳದಿಂದ ಕಟ್ಟಿದೆ. ನಂತರ ಅವಳ ಜೊತೆಯಲ್ಲೇ ರೈಲು ಹತ್ತಿ ಅವಳ ಆಫೀಸಿಗೆ ಹೋದೆ. ಎಲ್ಲರೂ ಕೇಳುವಂತೆ, “ನಾನು ಇವರ ತಂಗಿ. ಮಗಳೆಂದು ಸುಳ್ಳು ಬರೆದವಳೂ ನಾನೇ,” ಎಂದು ಹೇಳಿ, ಮೊದಲ ಲಗ್ನಪತ್ರಿಕೆಯನ್ನು ಆ ಕ್ಯಾಷಿಯರ್ ಕೈಗೆ ಕೊಟ್ಟೆ.