ಮೇಸ್ತ್ರಿ ಮಾವನ ಬಚ್ಚಲಮನೆ

ಹಳೆಯ ಪಟ್ಟಣದ ಅರ್ಧ ಸಮುದ್ರದೊಳಗಿದೆ, ಉಳಿದರ್ಧ ನಮ್ಮ ಮನೆಗಳ ಕೆಳಗಿದೆ. ನೀರು ಇಳಿದಾಗ ಕಲ್ಲುಕಂಬಗಳ ತಲೆ ಕಾಣುತ್ತದೆ. ಮೀನುಗಾರರು ಅವಕ್ಕೇ ದೋಣಿ ಕಟ್ಟುತ್ತಾರೆ. ದಡದಲ್ಲಿ ಗುದ್ದಲಿ ಹಾಕಿದರೆ ಸಾಕು, ಯಾವುದೋ ಕಾಲದ ಗೋಡೆ ಠಣ್ ಎನ್ನುತ್ತದೆ. ಆಗ ಊರವರು ಅತ್ತಿತ್ತ ನೋಡಿ, ಮೇಲೆ ಕಾಂಕ್ರೀಟ್ ಸುರಿದು, ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಪುರಾತತ್ವ ಕಚೇರಿಗೆ ಗೊತ್ತಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದಲ್ಲ.

ನನ್ನ ಸೋದರಮಾವ ಮಾತ್ರ ಹಾಗಲ್ಲ. ಕಸುಬಿನಲ್ಲಿ ಮೇಸ್ತ್ರಿ, ಆದರೆ ಹಳೆ ಕಲ್ಲು ಕಂಡರೆ ಕರಣಿ ಕೆಳಗಿಟ್ಟು ತಾವೇ ಕಚೇರಿಗೆ ಫೋನ್ ಮಾಡುತ್ತಾರೆ. ಅದಕ್ಕೇ ಜನ ಪಾಯವನ್ನು ಬೇರೆಯವರಿಂದ ತೆಗೆಸಿ, ಗೋಡೆಗೆ ಮಾತ್ರ ಮಾವನನ್ನು ಕರೆಯುತ್ತಾರೆ.

ಈ ಒಳ್ಳೆಯತನದ ಪೆಟ್ಟು ಬಿದ್ದದ್ದು ಅತ್ತೆಗೆ. ಮೂವತ್ತು ವರ್ಷದಿಂದ ಅವರ ಸ್ನಾನ ಸಮುದ್ರಕ್ಕೆ ತೆರೆದ ಹಿತ್ತಲಲ್ಲಿ, ಹರಕು ಹಾಯಿಬಟ್ಟೆಯ ಮರೆಯಲ್ಲಿ. ದೋಣಿ ಹಾದರೆ ಕುಕ್ಕರಗಾಲಲ್ಲಿ ಕೂತು, ಅದು ದಾಟುವ ತನಕ ಉಸಿರು ಬಿಗಿಹಿಡಿಯಬೇಕು. ಮಾವ ಎರಡು ಸಲ ಬಚ್ಚಲಿಗೆಂದು ಅಗೆದರು. ಎರಡು ಸಲವೂ ಕಲ್ಲು, ಎರಡು ಸಲವೂ ಫೋನ್. ಈ ವರ್ಷ ಅತ್ತೆಯ ಮಂಡಿ ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂರುವುದೂ ಆಗದಾಯಿತು.

"ಊರಿಗೆಲ್ಲ ಗೋಡೆ ಕಟ್ಟಿದ್ರಿ. ನನಗೆ ನಾಲ್ಕು ಕಟ್ಟಿಕೊಡಿ, ಸಾಕು," ಎಂದರು ಅತ್ತೆ. "ಈ ಸಲ ಏನಾದ್ರೂ ಸಿಕ್ಕಿದ್ರೆ ಬಾಯಿ ಮುಚ್ಕೊಂಡಿರಿ."

ಮಾವ ತಲೆಯಾಡಿಸಿ ಹಿತ್ತಲ ಇನ್ನೊಂದು ಮೂಲೆ ಅಗೆದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ನುಣುಪಾದ ಕಲ್ಲುತೊಟ್ಟಿ, ಪಕ್ಕದಲ್ಲಿ ಕೂರುವ ಕಟ್ಟೆ, ನೀರು ಹೋಗಲು ಮೋರಿ! ಪಕ್ಕದ ನಮ್ಮ ಮನೆಯ ಬೇಲಿಯಿಂದ ನೋಡುತ್ತಿದ್ದ ನನಗೇ ಅಯ್ಯೋ ಪಾಪ ಅನ್ನಿಸಿತು. ಮಾವ ಅರ್ಧ ದಿನ ಹೊಂಡದ ಅಂಚಿನಲ್ಲಿ ಕೂತಿದ್ದರು. ಆಮೇಲೆ ಫೋನ್ ಮಾಡಿದರು.

ಮರುದಿನ ಕಚೇರಿಯ ಮೇಡಂ ಬಂದು, ಬ್ರಷ್ಷಿನಿಂದ ಮಣ್ಣು ಸರಿಸಿ ನೋಡಿದರು. "ಮೇಸ್ತ್ರಿಗಳೇ, ಇದು ಎರಡು ಸಾವಿರ ವರ್ಷದ ಹಿಂದಿನ ಬಚ್ಚಲಮನೆ."

ಬಾಗಿಲಿಗೆ ಒರಗಿದ್ದ ಅತ್ತೆ ಗಂಡನ ಕಡೆ ತಿರುಗಿದರು. "ನೋಡಿದ್ರಾ? ಆ ಕಾಲದ ಗಂಡಸರೂ ಕಟ್ಟಿಕೊಟ್ಟಿದ್ರು."

ಮೇಡಂ ನಗು ತಡೆಯಲಾರದೆ ಕೆಮ್ಮಿದರು. ಮಾವ ನಗಲಿಲ್ಲ. "ಅಗೆಯದೆ, ಇರೋ ಮನೆಯೊಳಗೇ ಕಟ್ಟಿದ್ರೆ?" ಎಂದು ಕೇಳಿದರು.

"ಅದಕ್ಕೆ ನಮ್ಮ ಅಡ್ಡಿಯಿಲ್ಲ," ಎಂದರು ಮೇಡಂ.

ಮನೆಯಲ್ಲಿದ್ದದ್ದು ಮೂರೇ ಕೋಣೆ. ಸಮುದ್ರದ ಕಡೆಯದು ಮಾವನದು, ಅದರ ಕಿಟಕಿಯಿಂದ ನೀರಿನೊಳಗಿನ ಕಂಬಗಳನ್ನು ನೋಡುತ್ತ ಚಹಾ ಕುಡಿಯುವುದೆಂದರೆ ಅವರಿಗೆ ಪ್ರಾಣ. ಆ ಸಂಜೆಯೇ ಅಲ್ಲಿದ್ದ ತಮ್ಮ ಸಲಕರಣೆಗಳನ್ನೆಲ್ಲ ಜಗುಲಿಗೆ ಸಾಗಿಸಿದರು. ಆ ಕೋಣೆಯ ನೆಲವನ್ನು ಒಂದು ಮೆಟ್ಟಿಲು ಎತ್ತರಿಸಿ, ಕೊಳವೆ ಮೇಲಿಂದಲೇ ಹಾಯಿಸಿ, ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿದರು. ಹೊಂಡದೊಳಗಿನ ಕಟ್ಟೆಯ ಎತ್ತರ ಅಳೆದು ಬಂದು ಅಷ್ಟೇ ಎತ್ತರದ ಕಟ್ಟೆ ಕಟ್ಟಿದರು.

ಮೊದಲ ದಿನ ಅತ್ತೆ ಒಳಹೋಗಿ ಚಿಲಕ ಹಾಕಿದರು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ನಿಂತಿತು. ಒಂದು ಗಂಟೆಯಾದರೂ ಅವರು ಹೊರಬರಲಿಲ್ಲ. ಮಾವ ಗಾಬರಿಯಾಗಿ ಬಾಗಿಲು ತಟ್ಟಿದರು.

"ಏನಾಯ್ತೇ? ಮಂಡಿ ನೋವಾ?"

"ಏನೂ ಆಗಿಲ್ಲ, ಸುಮ್ನೆ ಕೂತಿದೀನಿ," ಎಂದರು ಅತ್ತೆ ಒಳಗಿನಿಂದ. "ಯಾರೂ ನೋಡಲ್ಲ ಅಂತ ಗೊತ್ತಾದ್ಮೇಲೆ ಏಳೋಕೇ ಮನಸ್ಸಾಗ್ತಿಲ್ಲ."

ಮಾವ ಕಣ್ಣೊರೆಸಿಕೊಂಡು, ಇನ್ನೊಂದು ಹಂಡೆ ನೀರು ಕಾಯಿಸಲು ಹೋದರು.