ಬಸವನಹುಳುವಿಗೆ ಉಪ್ಪು, ಇಲಿಗೆ ಕಡುಬು

ಬಸವನಹುಳು ದೊಡ್ಡ ಕಳ್ಳನೋ ಇಲಿಯೋ ಎಂಬ ವಿಷಯದಲ್ಲಿ ನನಗೂ ನಮ್ಮತ್ತೆಗೂ ಒಂದು ದಿನವೂ ಹೊಂದಿಕೆಯಾಗಲಿಲ್ಲ. ಹಡಗಲಿ ಹತ್ತಿರದ ನಮ್ಮ ಮಲ್ಲಿಗೆ ತೋಟಕ್ಕೆ ಮಳೆಗಾಲದಲ್ಲಿ ಬಸವನಹುಳು ಮುತ್ತುತ್ತವೆ. ಸಂಜೆ ಒದ್ದೆ ಗೋಣಿಚೀಲ ಹಾಸಿದರೆ ಬೆಳಿಗ್ಗೆ ಅದರಡಿ ಸಂತೆ ನೆರೆದಿರುತ್ತದೆ. ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ನನ್ನ ಕೆಲಸ. ಮನೆಯೊಳಗೆ ಜೋಳದ ಚೀಲ ತೂತು ಮಾಡುವ ಇಲಿಗೆ ಮಾತ್ರ ಅತ್ತೆ ಗಣೇಶ ಚೌತಿಯ ಮರುದಿನ, ಇಲಿವಾರವೆಂದು, ಕಡುಬಿನ ಎಡೆ ಇಡುತ್ತಿದ್ದರು.

"ಅತ್ತೀ, ಹುಳದ ಹೆಸರಿನ್ಯಾಗ ಶಿವನ ಬಸವಣ್ಣ ಅದಾನ. ಅಪ್ಪನ ಕಡಿಯವಗ ಉಪ್ಪು, ಮಗನ ಕಡಿಯವಗ ಕಡುಬು. ಇದ್ಯಾವ ನ್ಯಾಯರಿ?" ಎಂದೆ.

"ಬಾಯಿ ಮುಚ್ಚವ್ವ. ಹಸದ ಇಲಿ ಬಟ್ಟಿ ಕಡೀತೈತಿ."

ನನ್ನ ಪ್ರಕಾರ ಬಸವನಹುಳುವೇ ಮರ್ಯಾದಸ್ಥ. ಮನೆ ಅದರ ಬೆನ್ನ ಮೇಲೇ ಇದೆ. ಕದ್ದರೂ ಎಲ್ಲಿಂದ ಬಂದೆ, ಎಲ್ಲಿಗೆ ಹೋದೆ ಎಂದು ಲೋಳೆಯ ಗೆರೆ ಎಳೆದು ತೋರಿಸುತ್ತದೆ. ಇಲಿಯೋ, ಉಂಡ ಮನೆಯ ಜಂತೆ ಎಣಿಸುವ ಪೈಕಿ. ಎಣಿಸಿದ ಮೇಲೆ ಹಿಕ್ಕೆಯನ್ನೂ ಹಾಕಿ ಹೋಗುತ್ತದೆ.

ಹೋದ ವರ್ಷ ಅತ್ತೆಯ ಹಳೇ ಟ್ರಂಕಿನ ಪಕ್ಕ ನಾನು ಇಲಿಬೋನು ಇಟ್ಟಿದ್ದೆ. ಟ್ರಂಕಿನ ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಇಲಿವಾರದ ಬೆಳಿಗ್ಗೆ ಅತ್ತೆ ಬೋನನ್ನು ಎತ್ತಿ ಹಿತ್ತಲಿಗೆ ಒಯ್ದರು.

"ಉಣ್ಣಾಕ ಕರದೋರ ದಾರ್ಯಾಗ ಬೋನು ಇಡ್ತಾರೇನು?"

ಮತ್ತೆ ಒಳಗಿಡುವುದನ್ನು ಇಬ್ಬರೂ ಮರೆತೆವು.

ಮೂರನೇ ದಿನ ಟ್ರಂಕು ತೆಗೆದರೆ ಅತ್ತೆಯ ತವರಿನ ಇಳಕಲ್ ಸೀರೆಯ ಸೆರಗಿನಲ್ಲಿ ಅಂಗೈ ಅಗಲದ ತೂತು. "ನನ್ನ ಮಣ್ಣಿಗೆ ಒಯ್ಯುವಾಗ ಇದನ್ನ ಉಡಸ್ರಿ" ಎಂದು ಒಮ್ಮೆಯೂ ಉಡದೆ ಮಡಿಚಿಟ್ಟಿದ್ದ ಸೀರೆ ಅದು. ನಾನು ಹೇಳಿರಲಿಲ್ಲವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ನನಗೇ ಅಳು ಬಂತು.

ಅತ್ತೆ ತೂತಿನೊಳಗೆ ಕೈ ತೂರಿಸಿ ಬೆರಳಾಡಿಸಿದರು.

"ಹರದ ಸೀರಿ ಉಟ್ಟು ಶಿವನ ಮುಂದ ಹೆಂಗ ನಿಂದರ್ಲಿ? ಸಾಯೋದು ಮುಂದ ಹಾಕಬೇಕಾತು ನೋಡವ್ವ."

ಮರುದಿನ ಅದೇ ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಜೊತೆ ಹುಳು ಆರಿಸಲು ತೋಟಕ್ಕೆ ಬಂದರು. ಆ ಬಣ್ಣ ಅವರಿಗೆ ಅಷ್ಟು ಒಪ್ಪುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಈ ವರ್ಷ ಇಲಿವಾರಕ್ಕೆ ಅತ್ತೆ ಅದೇ ಸೀರೆಯುಟ್ಟು ಪಕ್ಕದಲ್ಲಿ ಕೂತಿದ್ದರು, ಎಡೆ ಇಟ್ಟವಳು ನಾನು. ಒಂದು ಕಡುಬು ಹೆಚ್ಚಿಗೇ ಇಟ್ಟೆ.