ಊಸಿ ಹಾಕದ ಡಾಕ್ಟರ್

ನಮ್ಮಕ್ಕ ಒಂದೇ ಮಧ್ಯಾಹ್ನ ಮೂರು ಸಲ ಅತ್ತಳು. ಮಗಳ ಮದುವೆಯಲ್ಲೂ ಅಷ್ಟು ಅತ್ತವಳಲ್ಲ.

ಕಾರಣ ಟಿವಿ. ಕಲರ್ ಟಿವಿ ತಂದು, ಕೇಬಲ್ ಎಳೆಸಿ, ನಾವು ನೋಡಿದ್ದು ಹಳೇ ಕಪ್ಪುಬಿಳುಪು ಪಿಕ್ಚರ್! ಚಿನ್ನದ ಪದಕ ಗೆದ್ದ ಡಾಕ್ಟರ್, ಪಟ್ಟಣದ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಹಳ್ಳಿಗೆ ಬರುತ್ತಾನೆ. ಗುಡಿಸಲಲ್ಲಿ ಕೂತು ಮುದುಕಿಯ ಕೈ ಹಿಡಿದುಕೊಳ್ಳುತ್ತಾನೆ. ಸೇವೆ, ಧರ್ಮ ಅಂತ ಉದ್ದುದ್ದ ಮಾತಾಡುತ್ತಾನೆ. ಸೇಲಂ ಪಕ್ಕದ ಓಮಲೂರಿನ ನಮ್ಮ ಕನ್ನಡದವರ ಬೀದಿಯ ಅರ್ಧ ಜನ ನಮ್ಮ ಮನೆಯ ಹಾಲ್‌ನಲ್ಲೇ ಮೂಗು ಸೀಟಿಕೊಂಡರು. (ನಾನೂ ಕಣ್ಣೊರೆಸಿಕೊಂಡೆ. ಸುಳ್ಳು ಯಾಕೆ ಹೇಳಲಿ?)

"ಅಂತಾ ಡಾಕ್ಟ್ರು ಈಗೆಲ್ಲಿ ಅವ್ರೆ, ಏಳ್ಲಾ?" ಅಂದಳು ಅಕ್ಕ, ಸೆರಗಲ್ಲಿ ಮುಖ ಒರೆಸುತ್ತಾ.

ಹಾಗನ್ನುವಾಗ ಅವಳ ಎಡಗಾಲು ನನ್ನ ಕಣ್ಣೆದುರಿಗೇ ಚಾಚಿತ್ತು. ಕಿರುಬೆರಳಲ್ಲಿ ಹೊಸ ಚಪ್ಪಲಿ ಕಚ್ಚಿದ ಗಾಯ. ವಾರವಾದರೂ ಒಣಗಿಲ್ಲ. ನಾನು ಬೆಳ್ಳಿ ಗೆಜ್ಜೆ ವ್ಯಾಪಾರಿ. ಇಪ್ಪತ್ತು ವರ್ಷದಿಂದ ಹೆಂಗಸರ ಕಾಲು ನೋಡುತ್ತಲೇ ಅನ್ನ ತಿಂದವನು. ಆ ಗಾಯದ ಬಣ್ಣ ನನಗೆ ಹಿಡಿಸಲಿಲ್ಲ. ಅಕ್ಕನಿಗೆ ಶುಗರ್ ಬೇರೆ.

ಸೋಮವಾರ ಅವಳನ್ನು ಬಸ್ ಸ್ಟ್ಯಾಂಡ್ ಹಿಂದಿನ ಹೊಸ ಕ್ಲಿನಿಕ್‌ಗೆ ಕರೆದೊಯ್ದೆ. ಲೇಡಿ ಡಾಕ್ಟರ್. ಮೇಟೂರು ಕಡೆಯ ಹುಡುಗಿ, ನಮ್ಮ ಕನ್ನಡವನ್ನೇ ಆಡುತ್ತಾಳೆ. ಅವಳೇನು ಮಾಡಿದಳು ಗೊತ್ತೇ? ಗಿಡ್ಡ ಸ್ಟೂಲ್ ಎಳೆದುಕೊಂಡು ಕೂತು, ಅಕ್ಕನ ಕಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡು ತೊಳೆದಳು. ಅರ್ಧ ಗಂಟೆ! ಕಟ್ಟು ಕಟ್ಟಿದಳು. ಮಾತ್ರೆ ಬರೆದಳು.

"ದಿನಾ ಬಂದು ಕಟ್ಟು ಬದ್ಲಾಯಿಸ್ಕಂಡು ಓಗಿ ಅಮ್ಮಾ. ಜಾಸ್ತಿ ನಡೀಬ್ಯಾಡಿ. ಕಾಪಿಗೆ ಸಕ್ಕರೆ ಬ್ಯಾಡ್ವೇ ಬ್ಯಾಡ."

"ಊಸಿ?" ಅಂದಳು ಅಕ್ಕ.

(ಇಂಜೆಕ್ಷನ್‌ಗೆ ನಮ್ಮ ಕಡೆ ಊಸಿ ಅಂತಲೇ ಹೆಸರು. ಅದು ಚುಚ್ಚದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಬಂದಂತೆಯೇ ಅಲ್ಲ.)

"ಊಸಿ ಬ್ಯಾಡಮ್ಮಾ. ಇದಕ್ಕೆ ಮಾತ್ರೆ ಸಾಕು."

ಚೌಕಾಶಿ ಮಾಡದೆ ನಾನು ಎಲ್ಲಿಂದಲೂ ಎದ್ದು ಬಂದವನಲ್ಲ. "ಡಾಕ್ಟ್ರಮ್ಮಾ, ಸಣ್ದೊಂದು ಆಕಿ. ಸಕ್ತಿದಾದ್ರೂ ಸರಿ. ಬರೀ ನೀರಿಂದಾದ್ರೂ ಸರಿ, ಅವ್ಳ ಸಮಾದಾನಕ್ಕೆ" ಅಂದೆ.

"ಇತ್ತಾಳೆಗೆ ಬೆಳ್ಳಿ ನೀರು ಬಳ್ದು ಗೆಜ್ಜೆ ಅಂತ ಮಾರ್ತೀರಾ ಅಣ್ಣಾ ನೀವು?" ಅಂದಳು.

ನನ್ನ ವ್ಯಾಪಾರದ ವಿಷಯ ಅಕ್ಕ ಆಗಲೇ ಹೇಳಿಬಿಟ್ಟಿದ್ದಳು. ನನಗೆ ಸಿಟ್ಟು ಬಂತು.

ಹೊರಗೆ ಬಂದ ಅಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಊಸಿ ಆಕಕ್ಕೇ ಬರಾಕಿಲ್ಲ ಆ ಉಡ್ಗಿಗೆ! ಕಾಲು ತೊಳಿಯಕ್ಕೆ ನಾನೇನು ಮದ್ವೆ ಗಂಡೇನ್ಲಾ?"

ಊರಿಗೆಲ್ಲ ಬುದ್ಧಿ ಹೇಳುವ ನಾನು ಆಗ ಏನು ಮಾಡಬೇಕಿತ್ತು? ಅವಳಿಗೆ ನಾಲ್ಕು ಬೈಯಬೇಕಿತ್ತು. ಮಾಡಿದ್ದೇನು? ಆಟೋ ಕರೆದೆ. ಸಂತೆ ಬೀದಿಯಲ್ಲಿ ಇನ್ನೊಬ್ಬ ಮಹಾನುಭಾವರಿದ್ದಾರೆ. ಏನಾಗಿದೆ ಅಂತ ಕೇಳುವ ಮೊದಲೇ ಸೂಜಿಗೆ ಔಷಧಿ ಎಳೆದಿರುತ್ತಾರೆ. ಸೊಂಟದ ಎರಡೂ ಕಡೆ ಒಂದೊಂದು ಚುಚ್ಚಿದರು. ಕಾಲಿನ ಕಟ್ಟು ಬಿಚ್ಚಿಯೂ ನೋಡಲಿಲ್ಲ.

"ಸುರ್ರಂತ ಏರ್ತು ಕಣ್ಲಾ! ಡಾಕ್ಟ್ರಂದ್ರೆ ಇವ್ರು!" ಅಕ್ಕನ ಮುಖದಲ್ಲಿ ದೀಪಾವಳಿ. ಮಾತ್ರೆ ಮೂಲೆಗೆ ಹೋಯಿತು. ಕಟ್ಟು ಬದಲಾಗಲಿಲ್ಲ. ಕಾಫಿಗೆ ಸಕ್ಕರೆ ವಾಪಸ್ ಬಂತು.

ಶುಕ್ರವಾರದ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಊತ ಗೆಜ್ಜೆ ಹಾಕುವ ಜಾಗದವರೆಗೂ ಏರಿತ್ತು. ಜ್ವರ ಬೇರೆ.

ಮತ್ತೆ ಅದೇ ಹುಡುಗಿಯ ಬಾಗಿಲು. ನಾನು ಕಳ್ಳನ ಹಾಗೆ ನಿಂತಿದ್ದೆ. ಅವಳು ಕಟ್ಟು ಬಿಚ್ಚಿ ನೋಡಿದಳು. ಬೈಯಲಿಲ್ಲ. (ಬೈದಿದ್ದರೆ ವಾಸಿಯಿತ್ತು.)

"ಈಗ್ಲೇ ಸೇಲಂಗೆ ಓಗ್ಬೇಕು ಅಣ್ಣಾ. ಬೆರಳು ಓದ್ರೂ ಕಾಲು ಉಳೀಬೇಕು."

ಕ್ಲಿನಿಕ್‌ಗೆ ಬೀಗ ಹಾಕಿ ತಾನೂ ನಮ್ಮ ಜೊತೆ ಬಾಡಿಗೆ ಕಾರು ಹತ್ತಿದಳು. ದಾರಿಯುದ್ದಕ್ಕೂ ಅಕ್ಕನ ಕಾಲು ಮತ್ತೆ ಅವಳ ತೊಡೆ ಮೇಲೆ. ಭಾಷಣ ಇಲ್ಲ. ಹಿಂದೆ ವಯಲಿನ್ ಸದ್ದೂ ಇಲ್ಲ. ಅದಕ್ಕೇ ಏನೋ, ನಮಗೆ ಗುರುತು ಸಿಕ್ಕಿರಲಿಲ್ಲ.

ಬೆರಳು ಹೋಯಿತು. ಕಾಲು ಉಳಿಯಿತು.

ಆವತ್ತಿನಿಂದ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ನಿಮಗೂ ಹೇಳುತ್ತೇನೆ: ಚೌಕಾಶಿ ಸೀರೆ ಅಂಗಡಿಯಲ್ಲಿ ಮಾಡಿ. ನನ್ನ ಹತ್ತಿರವೂ ಮಾಡಿ, ತಡೆದುಕೊಳ್ಳುತ್ತೇನೆ. ಔಷಧಿಯಲ್ಲಿ ಮಾತ್ರ ಬೇಡ. ಆ ಹುಡುಗಿಯ ಹತ್ತಿರ ಹೋಗಿ. ಎಲ್ಲರೂ ತಲೆಯಾಡಿಸಿ ಕೇಳುವುದು ಒಂದೇ: "ಊಸಿ ಆಕ್ತಾಳಾ?" ಇಂಥವರಿಗೆ ಏನು ಹೇಳುವುದು?

ಹೋದ ವಾರ ಕೊನೆಯ ಕಟ್ಟು ಬಿಚ್ಚಿದಳು. "ಪೂರಾ ವಾಸಿ ಆಯ್ತು. ಇನ್ನು ಬರಬ್ಯಾಡಿ ಅಮ್ಮಾ" ಅಂದಳು. ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತಳು. ಕಡೆಗೂ ಬುದ್ಧಿ ಬಂತಲ್ಲ ಅಂತ ನನಗೂ ಕಣ್ಣು ತುಂಬಿತು.

"ಸೇಲಂನಾಗೆ ಯಾರ್ಯಾರೋ ಚುಚ್ಚುದ್ರು. ನನ್ ಕಾಲು ಉಳಿಸ್ದೋಳು ನೀನು" ಅಂದಳು ಅಕ್ಕ. "ನಿನ್ ಕೈಯಾರೆ ಒಂದೇ ಒಂದು ಊಸಿ ಆಕ್ಬುಡು ತಾಯಿ."

ಅಲ್ಲ ಸ್ವಾಮಿ, ಅಷ್ಟು ಅತ್ತುಕೊಂಡು ನೋಡಿದ ಆ ಪಿಕ್ಚರಿನಲ್ಲಿ, ಡಾಕ್ಟರ್ ಒಂದೇ ಒಂದು ಸಲ ಊಸಿ ಹಾಕಿದ್ದನ್ನು ಯಾರಾದರೂ ಕಂಡಿರಾ?